ನಿಲಯದ ಕಲಾವಿದರು: ಎನ್‌ಬಿಸಿ ಸಿಂಫನಿ ವಾದ್ಯವೃಂದದ ಹದಿನೇಳು ವರ್ಷ

‘ಪ್ರಸ್ತುತಿ: ನಿಲಯದ ಕಲಾವಿದರು.’ ಆಕಾಶವಾಣಿ ಕೇಳಿಕೊಂಡು ಬೆಳೆದವರಿಗೆ ಈ ಮಾತು ಚೆನ್ನಾಗಿ ಗೊತ್ತು. ವೀಣೆ, ಪಿಟೀಲು, ಕೊಳಲು, ಮೃದಂಗ ಎಲ್ಲ ಸೇರಿ ಹತ್ತು ನಿಮಿಷ ಸೊಗಸಾಗಿ ನುಡಿಸುತ್ತಿದ್ದರು. ಎಷ್ಟೋ ಸಲ ಯಾರ ಹೆಸರೂ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅಡುಗೆಮನೆಯ ಗೂಡಿನಲ್ಲಿ ರೇಡಿಯೋ ಇತ್ತು. ‘ನಿಲಯದ ಕಲಾವಿದರು’ ಅನ್ನೋದು ಒಂದು ತಂಡದ ಹೆಸರು ಅಂತಲೇ ಚಿಕ್ಕಂದಿನಲ್ಲಿ ನಾನು ತಿಳಿದಿದ್ದೆ. ಅವರು ಆ ಆಫೀಸಿನಲ್ಲಿ ಸಂಬಳಕ್ಕೆ ಇರುವವರು, ಬೆಳಿಗ್ಗೆ ಬಂದು ಹಾಜರಿ ಹಾಕಿ ನುಡಿಸುವವರು ಅಂತ ಗೊತ್ತಾದದ್ದು ತುಂಬಾ ವರ್ಷ ಆದ ಮೇಲೆ.

ಈ ಪ್ರಕರಣವೂ ನಿಲಯದ ಕಲಾವಿದರದ್ದೇ. ಊರು ನ್ಯೂಯಾರ್ಕ್. ನಿಲಯ, ಎನ್‌ಬಿಸಿ ಎಂಬ ಖಾಸಗಿ ರೇಡಿಯೋ ಕಂಪನಿ. 1937ರಲ್ಲಿ ಆ ಕಂಪನಿ 92 ಜನರ ಸಿಂಫನಿ ವಾದ್ಯವೃಂದವೊಂದನ್ನು ಕಟ್ಟಿತು. ಅದನ್ನು ಮುಂದೆ ನಿಂತು ನಡೆಸಲು ಇಟಲಿಯಿಂದ ಅರ್ತುರೋ ಟೊಸ್ಕನೀನಿ ಅವರನ್ನು ಕರೆಸಿತು. 1954ರ ಏಪ್ರಿಲ್‌ನಲ್ಲಿ ಟೊಸ್ಕನೀನಿ ನಿವೃತ್ತರಾದರು. ಆ ವರ್ಷದ ಸಂಗೀತ ಹಂಗಾಮಿನ ಜೊತೆಗೇ ಕಂಪನಿ ವಾದ್ಯವೃಂದವನ್ನೂ ಮುಚ್ಚಿತು. ನುಡಿಸುವವರ ಕೈ ಸೋತಿರಲಿಲ್ಲ. ಕೇಳುವವರು ಕಡಿಮೆಯೇನೂ ಇರಲಿಲ್ಲ. ಆದರೂ ಮುಚ್ಚಿದರು. ಯಾಕೆ ಹೀಗಾಯಿತು, ಬೇರೆ ಥರ ಆಗಬಹುದಿತ್ತಾ ಅನ್ನೋದನ್ನು ಇಲ್ಲಿ ನೋಡೋಣ.

ಒಂದು ಮಾತು ಮೊದಲೇ ಹೇಳಬೇಕು. ನಮ್ಮಲ್ಲಿ ಆರ್ಕೆಸ್ಟ್ರಾ ಅಂದ ಕೂಡಲೇ ಗಣಪತಿ ಪೆಂಡಾಲಿನ ಮುಂದೆ ಸಿನಿಮಾ ಹಾಡು ಹೇಳುವ ತಂಡ ನೆನಪಾಗುತ್ತದೆ. ಸಿಂಫನಿ ವಾದ್ಯವೃಂದ ಬೇರೆ. ಪಿಟೀಲಿನವರೇ ಮೂವತ್ತು ಜನದ ಆಸುಪಾಸು ಇರುತ್ತಾರೆ. ಜೊತೆಗೆ ಪಿಟೀಲಿನ ಜಾತಿಯವೇ ಆದ ದೊಡ್ಡ ವಾದ್ಯಗಳು ವಿಯೋಲ, ಚೆಲ್ಲೊ, ಮತ್ತೆ ಕೊಳಲು, ಕಹಳೆ, ಡೋಲುಗಳ ದೊಡ್ಡ ಗುಂಪು. ಪ್ರತಿಯೊಬ್ಬರ ಮುಂದೆಯೂ ಬರೆದಿಟ್ಟ ಸ್ವರಲಿಪಿ. ಎದುರಿಗೆ ನಿಂತು ಕೋಲು ಆಡಿಸುವ ನಿರ್ದೇಶಕರು ಒಬ್ಬರು. ಇಷ್ಟು ಜನಕ್ಕೆ ವರ್ಷಪೂರ್ತಿ ಸಂಬಳ ಕೊಡುವುದು ಯಾವ ಊರಿನಲ್ಲೂ ಸುಲಭವಲ್ಲ. ಟಿಕೆಟ್ ದುಡ್ಡಿನಿಂದ ಅದು ಹುಟ್ಟುವುದಿಲ್ಲ. ಹಾಗಾಗಿ ಇಂಥ ವಾದ್ಯವೃಂದಗಳ ಹಿಂದೆ ಯಾವಾಗಲೂ ಒಬ್ಬ ಪೋಷಕ ಇರುತ್ತಾನೆ. ಅದು ಸರ್ಕಾರ ಇರಬಹುದು, ಊರಿನ ಸಾಹುಕಾರರು ಇರಬಹುದು, ಕಂಪನಿ ಇರಬಹುದು. ಪೋಷಕ ಯಾರು, ಅವನಿಗೆ ಏನು ಬೇಕಾಗಿದೆ ಅನ್ನೋದನ್ನು ನೋಡಿಬಿಟ್ಟರೆ ಅರ್ಧ ಕಥೆ ಗೊತ್ತಾದ ಹಾಗೆ.

ಇಲ್ಲಿ ಪೋಷಕ ಡೇವಿಡ್ ಸಾರ್ನಾಫ್. ಎನ್‌ಬಿಸಿಯ ಒಡೆತನ ಆರ್‌ಸಿಎ ಕಂಪನಿಯದು, ಸಾರ್ನಾಫ್ ಆರ್‌ಸಿಎ ಅಧ್ಯಕ್ಷ. ಬೆಲಾರುಸ್‌ನ ಹಳ್ಳಿಯೊಂದರಿಂದ ಹುಡುಗನಾಗಿ ನ್ಯೂಯಾರ್ಕಿಗೆ ಬಂದು, ಪೇಪರ್ ಮಾರಿ, ವೈರ್‌ಲೆಸ್ ಆಪರೇಟರ್ ಆಗಿ ಮೇಲೆ ಬಂದ ಮನುಷ್ಯ. ಆರ್‌ಸಿಎ ರೇಡಿಯೋ ಪೆಟ್ಟಿಗೆ ತಯಾರಿಸುತ್ತಿತ್ತು. ಗ್ರಾಮಫೋನ್ ತಟ್ಟೆ ಮಾರುತ್ತಿತ್ತು. ಎನ್‌ಬಿಸಿ ಮೂಲಕ ಕಾರ್ಯಕ್ರಮ ಬಿತ್ತರಿಸುತ್ತಿತ್ತು. ಅಂದರೆ ಒಂದೇ ಆಫೀಸಿನಿಂದ ಮೂರು ಕಡೆ ವ್ಯಾಪಾರ.

ಆಗ ಅಮೆರಿಕದ ರೇಡಿಯೋ ಮೇಲೆ ಒಂದು ದೂರು ಜೋರಾಗಿತ್ತು. ಗಾಳಿಯ ಅಲೆಗಳು ಜನರ ಸೊತ್ತು, ಅದರಲ್ಲಿ ಬರೀ ಸೋಪು, ಟೂತ್‌ಪೇಸ್ಟಿನ ಜಾಹೀರಾತು ತುಂಬಿದ್ದೀರಿ ಅಂತ. 1934ರಲ್ಲಿ ಪ್ರಸಾರದ ಮೇಲೆ ಕಣ್ಣಿಡಲು ಸರ್ಕಾರದ ಹೊಸ ಆಯೋಗವೂ ಬಂದಿತ್ತು. ಎದುರಾಳಿ ಕಂಪನಿ ಸಿಬಿಎಸ್ 1930ರಿಂದಲೇ ಭಾನುವಾರ ಭಾನುವಾರ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಎಂಬ ವಾದ್ಯವೃಂದದ ಕಛೇರಿ ಬಿತ್ತರಿಸಿ ಹೆಸರು ಗಳಿಸಿತ್ತು. ಸಾರ್ನಾಫ್‌ಗೆ ಅದಕ್ಕಿಂತ ದೊಡ್ಡದೊಂದು ಬೇಕಿತ್ತು. ಇದನ್ನು ಬರೀ ಲೆಕ್ಕಾಚಾರ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಒಳ್ಳೆಯ ಸಂಗೀತ ಹಳ್ಳಿಯ ರೈತನ ಮನೆಗೂ ಪುಕ್ಕಟೆ ತಲುಪಬೇಕು ಅನ್ನೋ ಆಸೆ ಅವರಿಗೆ ನಿಜವಾಗಿಯೂ ಇತ್ತು. ಆದರೆ ಆಸೆ ಮತ್ತು ಲಾಭ ಒಂದೇ ದಾರಿಯಲ್ಲಿ ಹೋಗುವವರೆಗೆ ಮಾತ್ರ ಅವರು ಈ ಕೆಲಸ ಮಾಡಿದರು ಅನ್ನೋದೂ ಅಷ್ಟೇ ನಿಜ.

ಟೊಸ್ಕನೀನಿ 1936ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಬಿಟ್ಟು ಇಟಲಿಗೆ ವಾಪಸಾಗಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಅವರು ಬರೀ ಸಂಗೀತಗಾರ ಆಗಿರಲಿಲ್ಲ. 1931ರಲ್ಲಿ ಬೊಲೋನ್ಯದಲ್ಲಿ ಫ್ಯಾಸಿಸ್ಟ್ ಪಕ್ಷದ ಗೀತೆ ನುಡಿಸಲು ಒಪ್ಪಲಿಲ್ಲ ಅಂತ ಮುಸ್ಸೋಲಿನಿಯ ಕಡೆಯವರು ರಂಗಮಂದಿರದ ಬಾಗಿಲಲ್ಲೇ ಅವರ ಕೆನ್ನೆಗೆ ಹೊಡೆದಿದ್ದರು. 1933ರಲ್ಲಿ ಹಿಟ್ಲರ್ ಬಂದ ಮೇಲೆ ಅವರು ಜರ್ಮನಿಯ ಬೈರಾಯ್ಟ್ ಸಂಗೀತ ಉತ್ಸವಕ್ಕೆ ಹೋಗಲು ಒಪ್ಪಲಿಲ್ಲ. 1936ರ ಡಿಸೆಂಬರ್‌ನಲ್ಲಿ ಟೆಲ್ ಅವೀವ್‌ಗೆ ಹೋಗಿ, ಯುರೋಪಿನಿಂದ ಓಡಿಬಂದ ಯಹೂದಿ ವಾದಕರ ಹೊಸ ವಾದ್ಯವೃಂದದ ಮೊದಲ ಕಛೇರಿ ನಡೆಸಿಕೊಟ್ಟರು. ಇಂಥ ಮನುಷ್ಯನನ್ನು ಕರೆತರಲು ಸಾರ್ನಾಫ್ ತಮ್ಮ ಪರಿಚಯದ ಸಂಗೀತ ವಿಮರ್ಶಕ ಸ್ಯಾಮ್ಯುಯೆಲ್ ಚೋಟ್ಸಿನಾಫ್ ಅವರನ್ನು 1937ರಲ್ಲಿ ಮಿಲಾನಿಗೆ ಕಳಿಸಿದರು. ಹತ್ತು ಕಛೇರಿಗೆ 40,000 ಡಾಲರ್, ತೆರಿಗೆಯೂ ಕಂಪನಿಯದೇ. ಅದಕ್ಕಿಂತ ಮುಖ್ಯವಾಗಿ, ‘ನಿಮಗೋಸ್ಕರವೇ ಒಂದು ವಾದ್ಯವೃಂದ ಕಟ್ಟುತ್ತೇವೆ’ ಅನ್ನೋ ಮಾತು. ಟೊಸ್ಕನೀನಿ ಒಪ್ಪಿದರು.

‘ನಿಮಗೋಸ್ಕರವೇ’ ಅನ್ನೋ ಈ ಮಾತನ್ನು ನೆನಪಿನಲ್ಲಿಡಿ. ಹದಿನೇಳು ವರ್ಷ ಆದ ಮೇಲೆ ಅದು ಬೇರೆ ಅರ್ಥದಲ್ಲಿ ತಿರುಗಿ ಬಂತು.

ಕಟ್ಟುವ ಕೆಲಸ ಜೋರಾಗಿ ನಡೆಯಿತು. ಮೊದಲೇ ಎನ್‌ಬಿಸಿಯಲ್ಲಿ ನಿಲಯದ ಕಲಾವಿದರಾಗಿದ್ದ ಕೆಲವರನ್ನು ಉಳಿಸಿಕೊಂಡರು. ಉಳಿದವರನ್ನು ಬೇರೆ ಬೇರೆ ಊರಿನ ವಾದ್ಯವೃಂದಗಳಿಂದ ಹುಡುಕಿ ತಂದರು. ಪಿಟೀಲಿನ ಮುಂದಾಳು ಮಿಶ ಮಿಶಕಾಫ್ ಶಿಕಾಗೋದಿಂದ ಬಂದರು. ವಿಯೋಲದಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಪ್ರಿಮ್‌ರೋಸ್. ಪಿಟೀಲಿನ ಸಾಲಿನಲ್ಲಿ ಮುಂದೆ ದೊಡ್ಡ ಗುರುವೆಂದು ಹೆಸರಾದ ಜೋಸೆಫ್ ಗಿಂಗೋಲ್ಡ್. ತಾಲೀಮು ಕೊಟ್ಟು ತಂಡವನ್ನು ಹದಕ್ಕೆ ತಂದವರು ಪೋಲೆಂಡಿನ ಆರ್ತರ್ ರೋಜಿನ್‌ಸ್ಕಿ. ನಿರ್ದೇಶಕರ ಹೆಸರು ನೆನಪಿಡುವ ಜನ ತಾಲೀಮು ಕೊಟ್ಟವರನ್ನು ಮರೆತುಬಿಡುತ್ತಾರೆ. ಆದರೆ ರೋಜಿನ್‌ಸ್ಕಿ ಇಲ್ಲದಿದ್ದರೆ ಆ ಡಿಸೆಂಬರ್‌ನಲ್ಲಿ ಟೊಸ್ಕನೀನಿ ಅವರಿಗೆ ಸಿದ್ಧವಾದ ತಂಡ ಸಿಗುತ್ತಿರಲಿಲ್ಲ.

1937ರ ನವೆಂಬರ್ 13ರಂದು ಮೊದಲ ಪ್ರಸಾರ. ಅದನ್ನು ನಡೆಸಿಕೊಟ್ಟವರು ಫ್ರಾನ್ಸಿನ ಪಿಯೆರ್ ಮಾಂಟೋ. ಟೊಸ್ಕನೀನಿ ಬಂದದ್ದು ಕ್ರಿಸ್‌ಮಸ್ ರಾತ್ರಿ, ಡಿಸೆಂಬರ್ 25ಕ್ಕೆ. ವಿವಾಲ್ಡಿಯ ಒಂದು ಕಾನ್ಸರ್ಟೊ (ಒಂದೆರಡು ವಾದ್ಯಗಳನ್ನು ಮುಂದಿಟ್ಟು ಬರೆದ ಕೃತಿ), ಮೊಜಾರ್ಟ್‌ನ 40ನೇ ಸಿಂಫನಿ (ಇಡೀ ವಾದ್ಯವೃಂದಕ್ಕೆ ಬರೆದ ಹಲವು ಭಾಗಗಳ ದೊಡ್ಡ ಕೃತಿ), ಬ್ರಾಮ್ಸ್‌ನ ಮೊದಲ ಸಿಂಫನಿ. ಜಾಗ, ರಾಕ್‌ಫೆಲರ್ ಕಟ್ಟಡದ ಎಂಟನೇ ಮಹಡಿಯ ಸ್ಟುಡಿಯೋ 8ಎಚ್. ಬಂದವರ ಕೈಗೆ ಕೊಟ್ಟ ಕಾರ್ಯಕ್ರಮ ಪಟ್ಟಿಯನ್ನು ರೇಷ್ಮೆಯಂಥ ಬಟ್ಟೆಯ ಮೇಲೆ ಅಚ್ಚು ಹಾಕಿದ್ದರು. ಕಾಗದ ಆದರೆ ಮಗುಚುವಾಗ ಸರಬರ ಸದ್ದು ಬರುತ್ತದೆ, ಅದು ಮೈಕ್‌ಗೆ ಕೇಳುತ್ತದೆ ಅಂತ.

ಆ ಕೋಣೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಈ ವಾದ್ಯವೃಂದದ ಸ್ವಭಾವ ಅಲ್ಲೇ ಇದೆ. ಕಛೇರಿ ನಡೆಯುವ ಒಳ್ಳೆಯ ಸಭಾಂಗಣದಲ್ಲಿ ನುಡಿಸಿದ ಸ್ವರ ಗೋಡೆಗೆ, ಚಾವಣಿಗೆ ತಾಗಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ದೇವಸ್ಥಾನದ ಪ್ರಾಂಗಣದಲ್ಲಿ ನಾದಸ್ವರ ಕೇಳಿದವರಿಗೆ ಇದು ಗೊತ್ತು. ಸ್ಟುಡಿಯೋ 8ಎಚ್ ಕಟ್ಟಿದ್ದು ರೇಡಿಯೋ ಕಾರ್ಯಕ್ರಮಕ್ಕೆ. ಹೊರಗಿನ ಅಲುಗಾಟ ತಾಗದ ಹಾಗೆ ಕೋಣೆಯನ್ನೇ ಬೇರೆಯಾಗಿ ಕೂರಿಸಿದ್ದರು. ಒಳಗೆ ಸದ್ದನ್ನು ಹೀರಿಕೊಳ್ಳುವ ಗೋಡೆ. ಮಾತಿಗೆ, ನಾಟಕಕ್ಕೆ ಅದು ಹೇಳಿ ಮಾಡಿಸಿದ ಜಾಗ. ತೊಂಬತ್ತು ಜನರ ವಾದ್ಯವೃಂದಕ್ಕೆ ಅಲ್ಲ. ಸ್ವರ ಹುಟ್ಟಿದ ಕೂಡಲೇ ಸತ್ತುಹೋಗುತ್ತಿತ್ತು. ಆ ಕಾಲದ ಧ್ವನಿಮುದ್ರಣ ಕೇಳಿದರೆ ಒಣ, ಗಡುಸು ಅನ್ನಿಸುವುದು ಇದಕ್ಕೇ. ಆಮೇಲೆ ಕೆಲವು ತಿದ್ದುಪಡಿ ಮಾಡಿದರು, ಪೂರ್ತಿ ಸರಿಹೋಗಲಿಲ್ಲ.

ಟೊಸ್ಕನೀನಿ ಅವರಿಗೆ ಮಾತ್ರ ಅದರ ಬಗ್ಗೆ ದೊಡ್ಡ ದೂರಿರಲಿಲ್ಲ. ಪ್ರತಿ ವಾದ್ಯದ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳಬೇಕು ಅನ್ನೋದು ಅವರ ಹಟ. ಆ ಕೋಣೆಯಲ್ಲಿ ಮರೆಮಾಚಲು ಏನೂ ಇರಲಿಲ್ಲ. ಒಬ್ಬ ಕೊಳಲಿನವನು ಕೂದಲೆಳೆಯಷ್ಟು ತಡವಾದರೂ ಗೊತ್ತಾಗುತ್ತಿತ್ತು. ಹೀಗೆ ನುಡಿಸಿ ನುಡಿಸಿ ಈ ತಂಡಕ್ಕೆ ಒಂದು ಶಿಸ್ತು ಬಂತು. ನಿರ್ದೇಶಕರ ಕೋಲು ನೋಡುವುದಕ್ಕಿಂತ ಪಕ್ಕದವರ ವಾದ್ಯ ಕೇಳಿಕೊಂಡು ನುಡಿಸುವ ಶಿಸ್ತು. ಇದೂ ಮುಂದೆ ಕೆಲಸಕ್ಕೆ ಬಂತು.

ಇನ್ನು ನೌಕರಿಯ ವಿಷಯ. ಕೇಳುಗರ ಕಣ್ಣಿಗೆ ಇದು ‘ಟೊಸ್ಕನೀನಿಯ ವಾದ್ಯವೃಂದ’. ಎನ್‌ಬಿಸಿ ಲೆಕ್ಕದ ಪುಸ್ತಕದಲ್ಲಿ ಇವರು ವಾರದ ಇಷ್ಟು ಗಂಟೆ ನುಡಿಸಬೇಕಾದ ಸಿಬ್ಬಂದಿ. ಶನಿವಾರ ರಾತ್ರಿ ಟೊಸ್ಕನೀನಿ ಅವರ ಎದುರು ಬೀಥೋವನ್ ನುಡಿಸಿದವರೇ ವಾರದ ಉಳಿದ ದಿನ ಬೇರೆ ನಿರ್ದೇಶಕರ ಕೈಕೆಳಗೆ, ಬೇರೆ ಕಾರ್ಯಕ್ರಮಗಳಿಗೂ ನುಡಿಸಬೇಕಿತ್ತು. ಇದರಲ್ಲಿ ತಪ್ಪೇನೂ ಇಲ್ಲ, ರೇಡಿಯೋ ಆಫೀಸು ಅಂದ್ರೆ ಹಾಗೆಯೇ ಅಲ್ವಾ? ಆದರೆ ಟೊಸ್ಕನೀನಿ ಅವರಿಗೆ ಕೊಟ್ಟ ಮಾತು ಬೇರೆ ಇತ್ತು.

1940ರ ಡಿಸೆಂಬರ್‌ನಲ್ಲಿ ಈ ಗಂಟು ಕೈಗೆ ಸಿಕ್ಕಿತು. ಬೀಥೋವನ್‌ನ ‘ಮಿಸ್ಸಾ ಸೊಲೆಮ್ನಿಸ್’ ಕಛೇರಿ ಡಿಸೆಂಬರ್ 28ಕ್ಕೆ, ನ್ಯೂಯಾರ್ಕಿನ ಸಂಗೀತ ಸಭಾಂಗಣ ಕಾರ್ನೆಗಿ ಹಾಲ್‌ನಲ್ಲಿ. ತಾಲೀಮು ಹೊತ್ತು ಮೀರಿ ನಡೆಯುತ್ತಿತ್ತು. ಅತ್ತ ಸ್ಟುಡಿಯೋದಲ್ಲಿ ಇನ್ನೊಂದು ಪ್ರಸಾರಕ್ಕೆ ಇವರಲ್ಲೇ ಎಷ್ಟೋ ಜನ ಬೇಕಿತ್ತು. ಹೇಳಲು ಯಾರಿಗೂ ಧೈರ್ಯ ಬರಲಿಲ್ಲ. ಒಬ್ಬೊಬ್ಬರೇ ವಾದ್ಯ ಎತ್ತಿಕೊಂಡು ಸದ್ದಿಲ್ಲದೆ ಎದ್ದು ಹೋದರು. ಟೊಸ್ಕನೀನಿ ಅವರಿಗೆ ದೃಷ್ಟಿ ತುಂಬಾ ಮಂದ, ಸ್ವರಲಿಪಿಯನ್ನೆಲ್ಲ ಬಾಯಿಪಾಠದಿಂದಲೇ ನಡೆಸುವವರು. ಕುರ್ಚಿಗಳು ಖಾಲಿಯಾಗುತ್ತಿರುವುದು ಗೊತ್ತಾದಾಗ ಸಿಟ್ಟು ನೆತ್ತಿಗೇರಿತು. ಕೋಲು ಎಸೆದು ಹೊರಟುಹೋದರು. ಆ ಕಛೇರಿಯೇನೋ ನಡೆಯಿತು, ಅದರ ಧ್ವನಿಮುದ್ರಣವನ್ನು ಇಂದಿಗೂ ಜನ ಹುಡುಕಿ ಕೇಳುತ್ತಾರೆ. ಆದರೆ ಮುಂದಿನ 1941–42ರ ಹಂಗಾಮಿಗೆ ಅವರು ಎಂದಿನಂತೆ ಬರಲು ಒಪ್ಪಲಿಲ್ಲ. ಯುದ್ಧದ ಖರ್ಚಿಗೆ ಸರ್ಕಾರ ಮಾರುತ್ತಿದ್ದ ಬಾಂಡುಗಳಿಗಾಗಿ ನಡೆದ ಕೆಲವು ಕಛೇರಿಗಳಿಗಷ್ಟೇ ಬಂದರು.

ನನ್ನ ಲೆಕ್ಕದಲ್ಲಿ ಈ ಪ್ರಕರಣದ ನಿಜವಾದ ತಿರುವು ಇದೇ, 1954 ಅಲ್ಲ. ಆ ತಾಲೀಮಿನ ದಿನ ಒಂದು ಪ್ರಶ್ನೆ ಎಲ್ಲರ ಎದುರಿಗೇ ಬಂದು ನಿಂತಿತ್ತು. ಈ ತಂಡ ಯಾರದ್ದು? ಸಾರ್ನಾಫ್ ಆಗ ಒಂದು ಕೆಲಸ ಮಾಡಬಹುದಿತ್ತು. ವಾದ್ಯವೃಂದವನ್ನು ಕಂಪನಿಯ ಸಿಬ್ಬಂದಿ ಪಟ್ಟಿಯಿಂದ ಬೇರೆ ಮಾಡಿ, ಅದಕ್ಕೆ ಒಂದು ಟ್ರಸ್ಟ್, ಒಂದು ನಿಧಿ, ತನ್ನದೇ ಒಂದು ಸಭಾಂಗಣ ಅಂತ ಮಾಡಬಹುದಿತ್ತು. ಆರ್‌ಸಿಎಗೆ ಆಗ ಅದು ಭಾರ ಅನ್ನಿಸುತ್ತಿರಲಿಲ್ಲ. ಆದರೆ ಪ್ರಶ್ನೆಯನ್ನು ‘ಮೇಸ್ಟ್ರೋ ಸಿಟ್ಟು’ ಅಂತ ಎಣಿಸಿ ಸಮಾಧಾನ ಮಾಡುವುದಕ್ಕೆ ಹೊರಟರು.

ನಡುವಿನ ಕಾಲಕ್ಕೆ ಲಿಯೋಪೋಲ್ಡ್ ಸ್ಟೊಕೋವ್‌ಸ್ಕಿ ಎಂಬ ನಿರ್ದೇಶಕರು ಬಂದರು. 1944ರವರೆಗೆ ಇದ್ದರು, ಕೊನೆಯ ಎರಡು ಹಂಗಾಮು ಟೊಸ್ಕನೀನಿ ಜೊತೆ ಹಂಚಿಕೊಂಡು. ಹೊಸಬರ ಸಂಗೀತ ನುಡಿಸುವುದರಲ್ಲಿ ಅವರಿಗೆ ತುಂಬಾ ಹುರುಪು. ಶೋನ್‌ಬರ್ಗ್‌ನ ಪಿಯಾನೋ ಕಾನ್ಸರ್ಟೊ ಮೊದಲ ಸಲ ಕೇಳಿಬಂದದ್ದು ಇದೇ ವಾದ್ಯವೃಂದದಿಂದ, 1944ರ ಫೆಬ್ರವರಿಯಲ್ಲಿ. ಆಮೇಲೆ ಅವರ ಒಪ್ಪಂದವನ್ನು ಮುಂದುವರಿಸಲಿಲ್ಲ.

ಟೊಸ್ಕನೀನಿ, ಸ್ಟೊಕೋವ್‌ಸ್ಕಿ ಇಬ್ಬರ ನಡುವೆ ಒಂದು ಕೃತಿಗಾಗಿ ಜಗ್ಗಾಟವೂ ನಡೆಯಿತು. ಶೊಸ್ತಕೋವಿಚ್‌ನ ಏಳನೇ ಸಿಂಫನಿ. ರಷ್ಯಾದ ಲೆನಿನ್‌ಗ್ರಾಡ್ ನಗರದತ್ತ ಜರ್ಮನ್ನರು ನುಗ್ಗಿ ಬರುತ್ತಿದ್ದಾಗ ಬರೆಯತೊಡಗಿದ್ದು. ಸ್ವರಲಿಪಿಯನ್ನು ಮೈಕ್ರೋಫಿಲಂ ಮಾಡಿ ಟೆಹ್ರಾನ್, ಕೈರೋ ದಾರಿಯಲ್ಲಿ ಅಮೆರಿಕಕ್ಕೆ ಕಳಿಸಿದರು. 1942ರ ಜುಲೈ 19ರಂದು ಎನ್‌ಬಿಸಿ ವಾದ್ಯವೃಂದ ಅದನ್ನು ಟೊಸ್ಕನೀನಿ ಕೈಯಲ್ಲಿ ಅಮೆರಿಕಕ್ಕೆ ಮೊದಲ ಸಲ ಕೇಳಿಸಿತು. ಮೂರು ವಾರ ಕಳೆದು, ಆಗಸ್ಟ್ 9ರಂದು, ಮುತ್ತಿಗೆಯೊಳಗಿದ್ದ ಲೆನಿನ್‌ಗ್ರಾಡ್‌ನಲ್ಲೇ ಅದನ್ನು ನುಡಿಸಿದರು. ನುಡಿಸಿದ್ದು ಆ ಊರಿನ ರೇಡಿಯೋ ವಾದ್ಯವೃಂದ. ನಡೆಸಿದವರು ಕಾರ್ಲ್ ಎಲಿಯಾಸ್‌ಬರ್ಗ್. ಹಸಿವಿನಿಂದ ಎಷ್ಟೋ ವಾದಕರು ಸತ್ತಿದ್ದರು. ಸೈನ್ಯದಿಂದ ನುಡಿಸಬಲ್ಲವರನ್ನು ಕರೆತಂದು ಸಂಖ್ಯೆ ತುಂಬಿಸಿಕೊಂಡಿದ್ದರು. ಒಂದೇ ಕೃತಿ, ಒಂದೇ ಬೇಸಿಗೆ, ಎರಡು ರೇಡಿಯೋ ವಾದ್ಯವೃಂದ. ಒಂದು ಕಡೆ ಜಗತ್ತಿನ ಅತಿ ದುಬಾರಿ ತಂಡ, ಇನ್ನೊಂದು ಕಡೆ ಕಹಳೆ ಊದಲು ಉಸಿರಿಲ್ಲದ ಜನ. ರೇಡಿಯೋ ವಾದ್ಯವೃಂದ ಅಂದರೇನು ಅಂತ ಯಾರಾದರೂ ಕೇಳಿದರೆ ನಾನು ಈ ಎರಡು ದಿನಗಳನ್ನು ಹೇಳುತ್ತೇನೆ.

ಒಳ್ಳೆಯ ವರ್ಷಗಳೂ ಇದ್ದವು, ತುಂಬಾ ಇದ್ದವು. 1938ರ ನವೆಂಬರ್ 5ರಂದು ಇಪ್ಪತ್ತೆಂಟು ವರ್ಷದ ಸ್ಯಾಮ್ಯುಯೆಲ್ ಬಾರ್ಬರ್‌ನ ‘ಅಡಾಜಿಯೋ ಫಾರ್ ಸ್ಟ್ರಿಂಗ್ಸ್’ ಮೊದಲು ಕೇಳಿಬಂದದ್ದು ಇಲ್ಲಿಂದಲೇ. 1946ರ ಫೆಬ್ರವರಿಯಲ್ಲಿ ಪುಚ್ಚೀನಿಯ ‘ಲಾ ಬೊಯೆಮ್’ ಒಪೆರಾವನ್ನು, ಅಂದರೆ ಹಾಡಿನಲ್ಲೇ ನಡೆಯುವ ನಾಟಕವನ್ನು, ಎರಡು ಭಾನುವಾರ ಬಿತ್ತರಿಸಿದರು. ಐವತ್ತು ವರ್ಷದ ಹಿಂದೆ, 1896ರಲ್ಲಿ, ತೂರಿನ್‌ನಲ್ಲಿ ಅದೇ ಒಪೆರಾದ ಮೊದಲ ಪ್ರದರ್ಶನ ನಡೆಸಿದ್ದವರೂ ಇದೇ ಟೊಸ್ಕನೀನಿ. 1948ರ ಮಾರ್ಚ್ 20ರಂದು ಟಿವಿಯಲ್ಲಿ ಮೊದಲ ಕಛೇರಿ. 1950ರಲ್ಲಿ ಇಡೀ ತಂಡ ರೈಲಿನಲ್ಲಿ ಅಮೆರಿಕ ಸುತ್ತಿತು. ಆಗ ಟೊಸ್ಕನೀನಿ ಅವರಿಗೆ ಎಂಬತ್ತಮೂರು. ನಡುವೆ ಸನ್ ವ್ಯಾಲಿ ಎಂಬ ಹಿಮದ ಊರಿನಲ್ಲಿ ಕುರ್ಚಿಯಲ್ಲಿ ಕೂತು ತಂತಿಯ ಮೇಲೆ ಬೆಟ್ಟ ಹತ್ತಿದರಂತೆ, ಅದರ ಫೋಟೋ ಕೂಡ ಇದೆ. ರೇಡಿಯೋದಲ್ಲಿ ಬರೀ ಕಿವಿಗೆ ಗೊತ್ತಿದ್ದ ತಂಡವನ್ನು ಊರೂರಿನ ಜನ ಕಣ್ಣಾರೆ ಕಂಡದ್ದು ಆ ಪ್ರವಾಸದಲ್ಲಿ.

ಅದೇ ವರ್ಷ ಸ್ಟುಡಿಯೋ 8ಎಚ್‌ ಅನ್ನು ಟಿವಿಗೆ ಬಿಟ್ಟುಕೊಡಬೇಕಾಯಿತು. ವಾದ್ಯವೃಂದ ಕಾರ್ನೆಗಿ ಹಾಲ್‌ಗೆ ಹೋಯಿತು. ಸದ್ದಿನ ದೃಷ್ಟಿಯಿಂದ ಇದು ವರವೇ. 1950ರ ನಂತರದ ಧ್ವನಿಮುದ್ರಣಗಳು ಎಷ್ಟೋ ತುಂಬಿಕೊಂಡು ಕೇಳುತ್ತವೆ. ಆದರೆ ಇದರ ಇನ್ನೊಂದು ಅರ್ಥವನ್ನು ಆಗ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಕಂಪನಿಯ ಕಟ್ಟಡದೊಳಗೆ ಈಗ ವಾದ್ಯವೃಂದಕ್ಕೆ ಜಾಗ ಇರಲಿಲ್ಲ. ಬಾಡಿಗೆ ಸಭಾಂಗಣಕ್ಕೆ ಬಂದಿತ್ತು. ಜಾಹೀರಾತಿನ ದುಡ್ಡು ರೇಡಿಯೋದಿಂದ ಟಿವಿಗೆ ಹರಿಯುತ್ತಿತ್ತು. ಸಾರ್ನಾಫ್‌ರ ಮನಸ್ಸೆಲ್ಲ ಬಣ್ಣದ ಟಿವಿ ಮೇಲೆ ಇತ್ತು. 1953ರ ಡಿಸೆಂಬರ್‌ನಲ್ಲಿ ಅದಕ್ಕೆ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು.

ನಾಳೆಗೆ ಒಬ್ಬರು ತಯಾರಾಗುತ್ತಿದ್ದರು ಕೂಡ. ಗ್ವೀದೊ ಕಾಂತೆಲ್ಲಿ, ಇಟಲಿಯ ಹುಡುಗ. 1949ರ ಜನವರಿಯಲ್ಲಿ ಎನ್‌ಬಿಸಿಗೆ ಬಂದಾಗ ಅವರಿಗೆ ಇಪ್ಪತ್ತೆಂಟು. ಯಾರನ್ನೂ ಸುಮ್ನೆ ಹೊಗಳದ ಟೊಸ್ಕನೀನಿ ಅವರನ್ನು ಮಗನ ಹಾಗೆ ನೋಡಿಕೊಂಡರು. ವಾದ್ಯವೃಂದವನ್ನು ಉಳಿಸುವ ಮನಸ್ಸಿದ್ದಿದ್ದರೆ ಕಾಂತೆಲ್ಲಿ ಕೈಗೆ ಕೊಡಬಹುದಿತ್ತು. ಹಾಗೆ ಮಾಡಲಿಲ್ಲ. 1956ರ ನವೆಂಬರ್‌ನಲ್ಲಿ ಪ್ಯಾರಿಸ್ ಬಳಿಯ ಓರ್ಲಿಯಲ್ಲಿ ವಿಮಾನ ಅಪಘಾತದಲ್ಲಿ ಕಾಂತೆಲ್ಲಿ ತೀರಿಹೋದರು. ಮುದುಕರಾಗಿದ್ದ ಟೊಸ್ಕನೀನಿ ಅವರಿಗೆ ಮನೆಯವರು ಆ ಸುದ್ದಿಯನ್ನು ಹೇಳಲೇ ಇಲ್ಲ.

1954ರ ಮಾರ್ಚ್ 25 ಟೊಸ್ಕನೀನಿ ಅವರ ಎಂಬತ್ತೇಳನೇ ಹುಟ್ಟುಹಬ್ಬ. ರಾಜೀನಾಮೆ ಪತ್ರಕ್ಕೆ ಅದೇ ತಾರೀಖು. ಏಪ್ರಿಲ್ 4ರ ಭಾನುವಾರ ಕಾರ್ನೆಗಿ ಹಾಲ್‌ನಲ್ಲಿ ಕೊನೆಯ ಕಛೇರಿ, ಪೂರ್ತಿ ಜರ್ಮನಿಯ ವಾಗ್ನರ್‌ನ ಸಂಗೀತ. ‘ಟಾನ್‌ಹಾಯ್ಸರ್’ ಸಂಗೀತದ ನಡುವೆ ಅವರಿಗೆ ಮರೆತುಹೋಯಿತು. ಜೀವಮಾನವಿಡೀ ಬಾಯಿಪಾಠದಿಂದ ನಡೆಸಿದ ಮನುಷ್ಯ ಕೋಲು ಹಿಡಿದು ಹಾಗೇ ನಿಂತುಬಿಟ್ಟರು. ಕಂಟ್ರೋಲ್ ರೂಮಿನವರು ಗಾಬರಿಯಾಗಿ ಪ್ರಸಾರ ಕತ್ತರಿಸಿ ಒಂದು ತಟ್ಟೆ ಹಾಕಿದರು. ಆ ತಟ್ಟೆ ಬ್ರಾಮ್ಸ್‌ನ ಮೊದಲ ಸಿಂಫನಿ. 1937ರ ಕ್ರಿಸ್‌ಮಸ್ ರಾತ್ರಿ ನುಡಿಸಿದ್ದ ಅದೇ ಕೃತಿ. ಸ್ವಲ್ಪ ಹೊತ್ತಿಗೆ ತಂಡ ಮತ್ತೆ ಸೇರಿಕೊಂಡಿತು, ಪ್ರಸಾರವೂ ಮರಳಿತು. ಕೊನೆಗೆ ‘ಮೈಸ್ಟರ್‌ಜಿಂಗರ್’ ನಾಂದಿ ಸಂಗೀತ ನುಡಿಸಿ ಮುಗಿಸಿದರು. ಟೊಸ್ಕನೀನಿ ಕೆಳಗಿಳಿದು ಹೋದರು. ಜನ ಎಷ್ಟು ಚಪ್ಪಾಳೆ ತಟ್ಟಿದರೂ ಮತ್ತೆ ವೇದಿಕೆಗೆ ಬರಲಿಲ್ಲ.

ಈ ಘಟನೆಯನ್ನು ಹೇಳುವವರೆಲ್ಲ ಮುದುಕರ ಮರೆವಿನ ಬಗ್ಗೆ ಹೇಳುತ್ತಾರೆ. ನನಗೆ ಎದ್ದು ಕಾಣುವುದು ಆ ಕುರ್ಚಿಗಳಲ್ಲಿ ಕೂತವರು. ಕೆಲಸ ಹೋಗುತ್ತಿದೆ ಅನ್ನೋದು ಅವರಿಗೆ ಗೊತ್ತಾಗಿತ್ತು. ಅಂಥ ಹೊತ್ತಿನಲ್ಲೂ ಎದುರಿಗಿದ್ದ ಯಜಮಾನರು ತಡವರಿಸಿದಾಗ ಕೈಬಿಡಲಿಲ್ಲ, ಹಿಡಿದೆತ್ತಿ ದಡ ಮುಟ್ಟಿಸಿದರು. ಮನೆಯ ಹಿರಿಯರು ಹಾಡುತ್ತಾ ಸಾಲು ಮರೆತಾಗ ಹಿಂದೆ ಕೂತವರು ಮೆಲ್ಲಗೆ ಎತ್ತಿಕೊಡುವುದಿಲ್ಲವೇ, ಹಾಗೆ.

ಎನ್‌ಬಿಸಿಯ ಕಡೆಯಿಂದ ನೋಡಿದರೆ ಮುಚ್ಚಿದ್ದಕ್ಕೆ ಕಾರಣ ಸರಳ. ವಾದ್ಯವೃಂದ ಕಟ್ಟಿದ್ದು ಟೊಸ್ಕನೀನಿಗೋಸ್ಕರ. ಅವರಿಲ್ಲ, ಇನ್ನೇಕೆ? ‘ನಿಮಗೋಸ್ಕರವೇ’ ಅಂತ ಅಂದು ಹೇಳಿದ ಮಾತು ಹೀಗೆ ತಿರುಗಿತು. ಆಗ ಅದು ಗೌರವದ ಮಾತಾಗಿತ್ತು. ಈಗ ಅದೇ ತೊಂಬತ್ತು ಕುಟುಂಬದ ಅನ್ನ ತೆಗೆಯುವ ಕಾರಣವಾಯಿತು.

ಹೋಲಿಸಿ ನೋಡಲು ಎರಡು ತಂಡಗಳಿವೆ. ಒಂದು ಲಂಡನ್ನಿನ ಬಿಬಿಸಿ ಸಿಂಫನಿ ವಾದ್ಯವೃಂದ. 1930ರ ಅಕ್ಟೋಬರ್ 22ರಂದು ಏಡ್ರಿಯನ್ ಬೋಲ್ಟ್ ಅವರ ಕೈಯಲ್ಲಿ ಶುರುವಾಯಿತು. ಅದಕ್ಕೂ ಟೊಸ್ಕನೀನಿ 1935ರಿಂದ ಅತಿಥಿಯಾಗಿ ಬಂದಿದ್ದರು. ಆದರೆ ಆ ತಂಡಕ್ಕೆ ದುಡ್ಡು ಬರುತ್ತಿದ್ದದ್ದು ಜನ ಕಟ್ಟುವ ರೇಡಿಯೋ ಲೈಸೆನ್ಸ್ ಶುಲ್ಕದಿಂದ. ನಮ್ಮಲ್ಲೂ ಹಿಂದೆ ರೇಡಿಯೋ ಇಟ್ಟುಕೊಳ್ಳಲು ಪೋಸ್ಟ್ ಆಫೀಸಿಗೆ ಹೋಗಿ ಲೈಸೆನ್ಸ್ ಕಟ್ಟಬೇಕಿತ್ತು, ಹಿರಿಯರಿಗೆ ನೆನಪಿರುತ್ತದೆ. 1950ರಲ್ಲಿ ಬೋಲ್ಟ್ ಹೋದರು, ಬೇರೆಯವರು ಬಂದರು. ತಂಡ ಇವತ್ತಿಗೂ ಇದೆ. ಅಲ್ಲಿ ನಿರ್ದೇಶಕ ಒಬ್ಬ ಅಧಿಕಾರಿ. ಅಧಿಕಾರಿ ನಿವೃತ್ತನಾದರೆ ಆಫೀಸು ಮುಚ್ಚುವುದಿಲ್ಲ.

ಇನ್ನೊಂದರಲ್ಲಿ ನಮ್ಮ ಮೈಸೂರಿನ ಹೆಸರೂ ಇದೆ. ಲಂಡನ್ನಿನ ಫಿಲ್‌ಹಾರ್ಮೋನಿಯಾ ರೇಡಿಯೋ ವಾದ್ಯವೃಂದವಲ್ಲ. 1945ರಲ್ಲಿ ವಾಲ್ಟರ್ ಲೆಗ್ ಎಂಬ ಗ್ರಾಮಫೋನ್ ಕಂಪನಿಯ ನಿರ್ಮಾಪಕರು ಕಟ್ಟಿದ್ದು. ಮೊದಲ ವರ್ಷಗಳಲ್ಲಿ ಅದಕ್ಕೆ ದುಡ್ಡಿನ ಆಸರೆ ಕೊಟ್ಟವರಲ್ಲಿ ನಮ್ಮ ಜಯಚಾಮರಾಜೇಂದ್ರ ಒಡೆಯರ್ ಮುಖ್ಯರು. ಪಾಶ್ಚಾತ್ಯ ಸಂಗೀತವನ್ನು ಆಳವಾಗಿ ತಿಳಿದಿದ್ದ ಮಹಾರಾಜರು ಅವರು. 1950ರ ಮೇ ತಿಂಗಳಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ಮೊದಲು ಕೇಳಿಬಂದ ಕಛೇರಿಯ ಹಿಂದೆಯೂ ಅವರ ಹಣವಿತ್ತು. 1952ರಲ್ಲಿ ಟೊಸ್ಕನೀನಿ ಲಂಡನ್ನಿಗೆ ಬಂದು ಬ್ರಾಮ್ಸ್‌ನ ನಾಲ್ಕೂ ಸಿಂಫನಿ ನಡೆಸಿದ್ದು ಇದೇ ತಂಡದ ಜೊತೆ. ಈ ತಂಡಕ್ಕೂ ಎನ್‌ಬಿಸಿಯದೇ ಗತಿ ಬಂತು. 1964ರಲ್ಲಿ ಲೆಗ್ ಇದ್ದಕ್ಕಿದ್ದಂತೆ ತಂಡವನ್ನು ನಿಲ್ಲಿಸುವುದಾಗಿ ಹೇಳಿಬಿಟ್ಟರು. ವಾದಕರು ಒಪ್ಪಲಿಲ್ಲ. ತಾವೇ ಸೇರಿ ‘ನ್ಯೂ ಫಿಲ್‌ಹಾರ್ಮೋನಿಯಾ’ ಅಂತ ಮಾಡಿಕೊಂಡರು. ಎಂಬತ್ತರ ಹತ್ತಿರವಿದ್ದ ನಿರ್ದೇಶಕ ಆಟೋ ಕ್ಲೆಂಪರರ್ ಲೆಗ್ ಕಡೆ ಹೋಗದೆ ವಾದಕರ ಜೊತೆ ನಿಂತರು. 1977ರಲ್ಲಿ ಹಳೆಯ ಹೆಸರೂ ವಾಪಸು ಸಿಕ್ಕಿತು. ಇವತ್ತಿಗೂ ಆ ತಂಡ ನುಡಿಸುತ್ತಿದೆ.

ಎನ್‌ಬಿಸಿಯ ವಾದಕರೂ ಇದನ್ನೇ ಮಾಡಿದ್ದರು, ಅದೂ ಹತ್ತು ವರ್ಷ ಮೊದಲೇ. ಒಂದು ಪ್ರತಿಷ್ಠಾನ ಮಾಡಿಕೊಂಡರು. ಎನ್‌ಬಿಸಿ ಹೆಸರು ಬಳಸುವಂತಿರಲಿಲ್ಲ, ‘ಸಿಂಫನಿ ಆಫ್ ದಿ ಏರ್’ ಅಂತ ಇಟ್ಟುಕೊಂಡರು. ಟೊಸ್ಕನೀನಿ ಅವರನ್ನು ಕರೆದರು. ಅವರು ಬರಲಿಲ್ಲ. ಆಗಲೇ ಎಂಬತ್ತೇಳು, ಮರೆವಿನ ಆ ಭಾನುವಾರದ ನೋವು ಇನ್ನೂ ಹಸಿ. ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಆದರೆ ಕ್ಲೆಂಪರರ್ ನಿಂತ ಹಾಗೆ ಇವರ ಪಕ್ಕ ನಿಲ್ಲುವ ಒಬ್ಬ ದೊಡ್ಡ ಮನುಷ್ಯ ಆ ಹೊತ್ತಿಗೆ ಸಿಗಲಿಲ್ಲ ಅನ್ನೋದು ಮಾತ್ರ ನಿಜ.

1954ರ ಅಕ್ಟೋಬರ್ 27ರಂದು ಕಾರ್ನೆಗಿ ಹಾಲ್‌ನಲ್ಲಿ ಅವರು ನಿರ್ದೇಶಕರೇ ಇಲ್ಲದೆ ಕಛೇರಿ ಕೊಟ್ಟರು. ಎದುರಿನ ಪೀಠ ಖಾಲಿ. ಡ್ವೊರ್ಜಾಕ್‌ನ ‘ನ್ಯೂ ವರ್ಲ್ಡ್’ ಸಿಂಫನಿ, ‘ಮೈಸ್ಟರ್‌ಜಿಂಗರ್’ ನಾಂದಿ, ಎಲ್ಲವನ್ನೂ ಬರೀ ಕಿವಿಯಿಂದ ಕಿವಿಗೆ ಕೇಳಿಸಿಕೊಂಡು ನುಡಿಸಿದರು. ಜನ ಮೆಚ್ಚಿದರು, ಪತ್ರಿಕೆಗಳು ಹೊಗಳಿದವು. ಮುಂದಿನ ತಿಂಗಳು ಲಿಯೋನಾರ್ಡ್ ಬರ್ನ್‌ಸ್ಟೈನ್ ಟಿವಿಯಲ್ಲಿ ಬೀಥೋವನ್‌ನ ಐದನೇ ಸಿಂಫನಿಯನ್ನು ಬಿಡಿಸಿ ಹೇಳಿದಾಗ ಜೊತೆಗಿದ್ದವರೂ ಇವರೇ. 1955ರಲ್ಲಿ ಅಮೆರಿಕ ಸರ್ಕಾರ ಇವರನ್ನು ಜಪಾನ್ ಮತ್ತು ಏಷ್ಯಾದ ಇತರ ದೇಶಗಳಿಗೆ ಕಳಿಸಿತು. ಯುದ್ಧದಲ್ಲಿ ಸುಟ್ಟುಹೋಗಿದ್ದ ದೇಶದಲ್ಲಿ ಜನ ಮುಗಿಬಿದ್ದು ಕೇಳಿದರು.

ಮರುವರ್ಷ ಮಧ್ಯಪ್ರಾಚ್ಯದ ಪ್ರವಾಸ ನಿಗದಿಯಾಗಿತ್ತು. ಆಗ ತಂಡದಲ್ಲಿ ಕಮ್ಯುನಿಸ್ಟರಿದ್ದಾರೆ ಅನ್ನೋ ಆರೋಪ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಬಂತು. ಪ್ರವಾಸ ರದ್ದಾಯಿತು. ನಿಧಿ ಇಲ್ಲದ, ಯಜಮಾನನಿಲ್ಲದ ತಂಡಕ್ಕೆ ಒಂದು ಪ್ರವಾಸ ತಪ್ಪುವುದು ಅಂದ್ರೆ ಬರೀ ಒಂದು ಪ್ರವಾಸ ತಪ್ಪಿದ್ದಲ್ಲ, ಒಂದು ವರ್ಷದ ಊಟ ತಪ್ಪಿದ ಹಾಗೆ. ಒಳ್ಳೆಯ ವಾದಕರು ಒಬ್ಬೊಬ್ಬರೇ ಬೇರೆ ಕೆಲಸ ಹಿಡಿದರು. ಮನೆ ನಡೆಯಬೇಕಲ್ಲ. ಸ್ಟೊಕೋವ್‌ಸ್ಕಿ ಮತ್ತೆ ಬಂದು ಕೈಹಿಡಿದರು, ಕೆಲವು ವರ್ಷ ನಡೆಯಿತು. 1963ರಲ್ಲಿ ತಂಡ ಚದುರಿತು.

ಅದಕ್ಕೂ ಮೊದಲು ಅವರೆಲ್ಲ ಒಂದು ದೊಡ್ಡ ಕಛೇರಿಗೆ ಸೇರಿದ್ದರು. ಟೊಸ್ಕನೀನಿ 1957ರ ಜನವರಿ 16ರಂದು ತೀರಿಕೊಂಡರು. ಫೆಬ್ರವರಿ 3ರಂದು ಕಾರ್ನೆಗಿ ಹಾಲ್‌ನಲ್ಲಿ ಅವರ ನೆನಪಿನ ಕಛೇರಿ. ಬ್ರೂನೊ ವಾಲ್ಟರ್, ಶಾರ್ಲ್ ಮ್ಯೂಂಕ್, ಪಿಯೆರ್ ಮಾಂಟೋ ಒಬ್ಬರಾದ ಮೇಲೆ ಒಬ್ಬರು ನಡೆಸಿದರು. 1937ರ ನವೆಂಬರ್‌ನಲ್ಲಿ ಈ ವಾದ್ಯವೃಂದದ ಮೊಟ್ಟಮೊದಲ ಪ್ರಸಾರ ನಡೆಸಿದ್ದ ಅದೇ ಮಾಂಟೋ. ಆಗ ಅವರಿಗೆ ಎಂಬತ್ತೊಂದು. ಎದುರಿಗೆ ಕೂತವರಲ್ಲಿ ಅಂದು ಇದ್ದವರೂ ಇದ್ದರು.

ಸ್ಟುಡಿಯೋ 8ಎಚ್‌ನಲ್ಲಿ ಈಗ ಶನಿವಾರ ರಾತ್ರಿಯ ಹಾಸ್ಯ ಕಾರ್ಯಕ್ರಮ ನಡೆಯುತ್ತದೆ, 1975ರಿಂದ.

ನಿರ್ದೇಶಕರಿಲ್ಲದೆ ನುಡಿಸಿದ ಆ ‘ನ್ಯೂ ವರ್ಲ್ಡ್’ ಧ್ವನಿಮುದ್ರಣ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಕಿವಿಗೆ ಹಾಕಿಕೊಂಡು ಕೇಳುತ್ತೇನೆ. ಎರಡನೇ ಭಾಗದ ಶುರುವಿನಲ್ಲಿ ಕಹಳೆಗಳು ಮೆಲ್ಲಗೆ ದಾರಿ ಬಿಡಿಸುತ್ತವೆ. ಆಮೇಲೆ ಇಂಗ್ಲಿಷ್ ಹಾರ್ನ್ ಎಂಬ ಒಂಟಿ ವಾದ್ಯ ಆ ಹೆಸರಾಂತ ನಿಧಾನದ ರಾಗವನ್ನು ಎತ್ತಿಕೊಳ್ಳುತ್ತದೆ. ಅದನ್ನು ಊದಿದವರ ಹೆಸರನ್ನು ಯಾರೂ ಹೇಳುವುದಿಲ್ಲ. ಪಿಟೀಲಿನ ಇಡೀ ಸಾಲು ಅವರ ಉಸಿರಿಗಾಗಿ ಕಾಯುತ್ತದೆ. ಅವರು ಉಸಿರು ತೆಗೆದುಕೊಂಡಾಗ ಎಲ್ಲರೂ ಒಟ್ಟಿಗೆ ಮುಂದೆ ಹೋಗುತ್ತಾರೆ.